ಇಪ್ಪತ್ತಮೂರನೆಯ ಗಂಟು

ಹುಲ್ಲಹಳ್ಳಿ
14-11-1999, ಭಾನುವಾರ

ಪ್ರೀತಿಯ ಮಗಳು ಇಂದ್ರಾಣಿಗೆ,

ನಾನೂ ನಿನ್ನವ್ವನೂ ಗಟ್ಟಿಮುಟ್ಟಾಗಿದ್ದೇವೆ. ಎಮ್ಮೆ ಮಾತ್ರ ಒಂದು ವಾರದಿಂದ ನನ್ನ ಮೇಲೆ ಮುನಿಸಿಕೊಂಡು ಒದೆಯುತ್ತಿದೆ. ನೀನು ಆ ಕುಷ್ಟಗಿ ಸೀಮೆಯ ಬಿಸಿಲಿನಲ್ಲಿ ಜೋಳದ ರೊಟ್ಟಿ ತಿಂದುಕೊಂಡು ಚೆನ್ನಾಗಿದ್ದೀಯೆ ಎಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ಇಪ್ಪತ್ತೊಂದು ದಿನವಾಯಿತು. ತಡವಾದದ್ದಕ್ಕೆ ಬೈಯಬೇಡ. ಪಡಿತರ ಚೀಟಿಯಿಂದ ಹಿಡಿದು ಜಮೀನಿನ ಪೋಡಿ ತಕರಾರಿನವರೆಗೆ ಮೂವತ್ತು ವರ್ಷ ಊರಿನವರಿಗೆಲ್ಲ ಅರ್ಜಿ ಬರೆದುಕೊಟ್ಟವನು ನಾನು. ಹೆತ್ತ ಮಗಳಿಗೆ ಒಂದು ಹಾಳೆ ಬರೆಯಲು ಇಷ್ಟು ದಿನ ಹಿಡಿಯಿತು ಎಂದರೆ ನಾಚಿಕೆಗೇಡಿನ ಮಾತೇ. ಕೆಲಸವಿತ್ತು ಎಂದು ಬರೆಯೋಣವೆಂದರೆ ನಿನ್ನವ್ವ ಎದುರಿಗೇ ಕೂತಿದ್ದಾಳೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದ ಮೇಲೆಯೇ ಅಂಟಿಸಬೇಕಲ್ಲ. ರಿಟೈರಾದ ನೀರುಗಂಟಿಗೆ ಎಂಥ ಕೆಲಸ? ಈಗ ನಾಲೆಗೆ ನೀರು ಬಿಡುವವರು ಬೇರೆ, ಗೇಟು ತಿರುಗಿಸುವವರು ಬೇರೆ. ನಾನು ಏರಿಯ ಮೇಲೆ ನಿಂತು ಅವರ ತಪ್ಪು ಹುಡುಕುವುದಷ್ಟೇ.

ಸರಿ, ವಿಷಯಕ್ಕೆ ಬರುತ್ತೇನೆ. ನಿನ್ನ ಏಳನೇ ತರಗತಿಯ ಇಪ್ಪತ್ತೆರಡು ಮಕ್ಕಳು ಹುಟ್ಟಿದಾಗಿನಿಂದ ತಮ್ಮೂರ ಕೆರೆ ಬಿಟ್ಟು ಬೇರೆ ನೀರು ನೋಡಿಲ್ಲ, ಅದೂ ವರ್ಷಕ್ಕೆ ಎಂಟು ತಿಂಗಳು ಒಣಗಿರುತ್ತದೆ ಎಂದು ಬರೆದಿದ್ದೀಯೆ. ಅವರನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಿ, ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನಿಗೆ, ಕಡಲ ಪಕ್ಕದ ಆ ಕಾಲುದಾರಿಯಲ್ಲಿ ನಡೆಸಬೇಕೆಂಬ ನಿನ್ನ ಆಸೆ ಓದಿ ನನಗೆ ಬಹಳ ಸಂತೋಷವಾಯಿತು. ಫಾರಿನ್ನಿನವರೆಲ್ಲ ಬಂದು ನಡೆಯುವ ದಾರಿಯಂತೆ. ನಮ್ಮ ಮಕ್ಕಳು ಯಾಕೆ ನಡೆಯಬಾರದು?

ಆದರೆ ಅದರ ಕೆಳಗೆ ಬರೆದಿದ್ದೀಯಲ್ಲ, ಅದನ್ನು ನಾಲ್ಕು ಸಲ ಓದಿದೆ. 'ನೀರಿಗೆ ಬಿದ್ದ ಮಗುವನ್ನು ಎತ್ತಬಲ್ಲ ಗಂಡಾಳು ಒಬ್ಬರು ಜೊತೆಗಿದ್ದರೆ ಮಾತ್ರ ಪರ್ಮಿಷನ್ ಎಂದರು ಹೆಡ್ ಮಾಸ್ಟರು. ನಮ್ಮಪ್ಪ ಇದ್ದಾರೆ ಸಾರ್, ಏಳು ವರ್ಷದವಳಿದ್ದಾಗ ತಲಕಾಡಿನಲ್ಲಿ ಕಾವೇರಿಯಿಂದ ನನ್ನನ್ನೇ ಎತ್ತಿದವರು ಅವರು ಎಂದೆ. ತಕ್ಷಣ ಒಪ್ಪಿಬಿಟ್ಟರು. ಇಪ್ಪತ್ತೆರಡು ಮನೆಯವರೂ ಇದೇ ಮಾತಿನ ಮೇಲೆ ಹ್ಞೂಂ ಅಂದಿದ್ದಾರೆ. ಅಪ್ಪ, ನೀನು ಬರಲೇಬೇಕು.'

ಬರುತ್ತೇನೆ ಮಗಳೇ. ಬರುವುದಿಲ್ಲ ಎನ್ನಲು ನನಗೆ ಬಾಯಿ ಎಲ್ಲಿದೆ? ಆದರೆ ಇಪ್ಪತ್ತೆರಡು ಜೀವ ನನ್ನ ತಲೆಯ ಮೇಲಿದೆ ಎಂದ ಮೇಲೆ ಎಲ್ಲವೂ ನಾನು ಹೇಳಿದಂತೆ ನಡೆಯಬೇಕು. ಒಂದೇ ಒಂದು ಮಗುವೂ ನೀರಿಗೆ ಬೀಳದ ಹಾಗೆ ಪ್ಲಾನು ಮಾಡೋಣ. ಬಿದ್ದ ಮೇಲೆ ಎತ್ತುವ ಮಾತು ಯಾಕೆ?

ನಿನ್ನವ್ವನಿಗೆ ವಿಷಯ ತಿಳಿಸಿದೆ. ಮರಿತಾಯಮ್ಮನವರು ಮೊದಲು ಕೇಳಿದ ಪ್ರಶ್ನೆ, "ಆ ನೀರ ಕುಡಿಯಕ್ಕಾದದಾ?" ಉಪ್ಪು, ಕುಡಿಯಲಾಗದು ಎಂದೆ. "ಒಂದ್ ಚೊಂಬ್ ಕುಡಿಯಕ್ಕಾಗ್ದಿದ್ ನೀರ ಇಟ್ಕಂಡು ಅಷ್ಟೊಂದ್ ಆರ್ಭಟವಾ ಅದುಕ್ಕೆ!" ಎಂದಳು. ಆದರೂ ಅವತ್ತೇ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ಅವಳೂ ಬರುತ್ತಾಳೆ ಎಂದು ತಿಳಿದುಕೋ.

ಈಗ ನಾನು ಮಾಡಿದ ಒಂದು ಘನಕಾರ್ಯ ಹೇಳುತ್ತೇನೆ, ನಗಬೇಡ. ಕಬಿನಿ ಅಣೆಯಲ್ಲಿ ಗೇಟು ಎತ್ತುವ ಮುಂಚೆ ನಮ್ಮ ಕಪಿಲೆಯ ದಂಡೆಯಲ್ಲೆಲ್ಲ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಕೂಗಿಸುತ್ತಾರೆ ತಾನೆ? ಸಮುದ್ರ ಏರುವ ಮುಂಚೆ ಕೂಗಿಸುವವರು ಯಾರು? ನನಗೆ ಇದೇ ಯೋಚನೆ ಹತ್ತಿತು. ಕೊನೆಗೆ ಕಾರವಾರ ಬಂದರಿನ ಸಾಹೇಬರಿಗೆ ಒಂದು ಅರ್ಜಿ ಬರೆದೆ. 'ತಮ್ಮ ವ್ಯಾಪ್ತಿಗೆ ಒಳಪಟ್ಟ ಸಮುದ್ರದಲ್ಲಿ ಡಿಸೆಂಬರ್ ಕೊನೆಯ ವಾರ ನೀರು ಬಿಡುವ ಹಾಗೂ ನಿಲ್ಲಿಸುವ ವೇಳಾಪಟ್ಟಿಯನ್ನು ಶಾಲಾ ಮಕ್ಕಳ ಹಿತದೃಷ್ಟಿಯಿಂದ ದಯಪಾಲಿಸಬೇಕಾಗಿ ಪ್ರಾರ್ಥನೆ.' ಇದನ್ನು ಅಂಚೆಗೆ ಹಾಕಿ ಬಂದ ದಿನವೇ ನನ್ನ ಅಕ್ಕನ ಮಗ ಪ್ರೇಮ್‌ಕುಮಾರ್ ಬಂದಿದ್ದ. ಅವನು ಈಗ ಕಾರವಾರದ ಕಡೆಯಿಂದ ಮೈಸೂರಿಗೆ ಮೀನಿನ ಲಾರಿ ಹೊಡೆಯುತ್ತಾನಲ್ಲ, ಕಡಲಿನ ವಿಷಯದಲ್ಲಿ ನಮ್ಮ ವಂಶಕ್ಕೇ ಪಂಡಿತ. ಕೇಳಿದವನೇ ಜಗುಲಿಯ ಮೇಲೆ ಬಿದ್ದು ಹೊರಳಾಡಿ ನಕ್ಕ. "ಮಾವ, ಸಮುದ್ರುಕ್ಕೆ ಗೇಟು ಎಲ್ಲದೆ ಮಾವ! ನೀನು ನೀರ್‌ಗಂಟಿ ಅಂತ ಅದುಕ್ಕೂ ಸರದಿ ಅಚ್ಚೋಕೋಗಿದ್ದೀಯಾ?" ನನಗೆ ಸಿಟ್ಟು ಬಂದು, ಅವನು ತಂದ ಬಂಗುಡೆ ಮೀನನ್ನು ವಾಪಸು ಕೊಟ್ಟೆ. ನಿನ್ನವ್ವ ಅದನ್ನು ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ತಂದು ಸಾರು ಮಾಡಿದಳು.

ಇನ್ನು ದಿನ ಗೊತ್ತು ಮಾಡು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನಗೂ ನಿನ್ನ ಇಪ್ಪತ್ತೆರಡು ಮಕ್ಕಳಿಗೂ ನನ್ನ ಮನಸ್ಸು ತುಂಬಿದ ಹಾರೈಕೆ.

ನಿನ್ನ ಅಪ್ಪ,
ಹುಚ್ಚಯ್ಯ

ತಾ.ಕ.: ನೀರಿನಿಂದ ಎತ್ತುವಾಗ ನೀನು ಕಚ್ಚಿದ ಹಲ್ಲಿನ ಗುರುತನ್ನು ನನ್ನ ಮಣಿಕಟ್ಟಿನ ಮೇಲೆ ಮಕ್ಕಳಿಗೆ ತೋರಿಸುತ್ತೇನೆ ಎಂದು ಬರೆದಿದ್ದೀಯೆ. ಅದು ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಎಂದೋ ಮಾಸಿಹೋಯಿತು ಎಂದು ನೀನು ಚಿಕ್ಕವಳಿದ್ದಾಗಲೇ ಹೇಳಿದ್ದೆನಲ್ಲ? ಆ ಹಳೆಯ ಕತೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗಬೇಡ.

* * *

ಹುಲ್ಲಹಳ್ಳಿ
5-12-1999, ಭಾನುವಾರ

ಮುದ್ದು ಇಂದ್ರಾಣಿ,

ಈ ಸಲ ತಡ ಮಾಡಿಲ್ಲ, ನಿನ್ನ ಕಾಗದ ಬಂದು ನಾಲ್ಕೇ ದಿನ. ನಿನ್ನವ್ವ ಎಮ್ಮೆ ಹಾಲು ಕರೆದು ಬಂದು ಕೂತಿದ್ದಾಳೆ. ಅವಳ ಮೊದಲ ಸುದ್ದಿ ಏನೆಂದರೆ ಎಮ್ಮೆ ನನ್ನನ್ನು ಕ್ಷಮಿಸಿದೆ.

ಎರಡನೆಯ ಸುದ್ದಿ ಕೇಳಿದರೆ ನೀನು ಕುಣಿದಾಡುತ್ತೀಯೆ. ಬಂದರಿನಿಂದ ಉತ್ತರ ಬಂತು! ಯಾರೋ ಪುಣ್ಯಾತ್ಮ ಗುಮಾಸ್ತರು ತಮ್ಮ ಕೈಯಾರೆ ಬರೆದು ಕಳಿಸಿದ್ದಾರೆ. 'ಸ್ವಾಮಿ, ಸಮುದ್ರದ ನೀರನ್ನು ನಾವು ಬಿಡುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. ಆದರೆ ಅದು ಬರುವ ಹೋಗುವ ಹೊತ್ತಿನ ಲೆಕ್ಕ ನಮ್ಮ ಹತ್ತಿರ ಇದೆ' ಎಂದು ಬರೆದು, ಆ ವಾರದ ಏಳು ದಿನಗಳ ಉಬ್ಬರ ಇಳಿತದ ಹೊತ್ತನ್ನು ಗೀಟು ಎಳೆದು ಪಟ್ಟಿ ಮಾಡಿಕೊಟ್ಟಿದ್ದಾರೆ. ನೋಡಿದೆಯಾ? ವೇಳಾಪಟ್ಟಿ ಇದೆ! ಪ್ರೇಮ್‌ಕುಮಾರ್ ಬಂದ ಕೂಡಲೇ ಅವನ ಮೂಗಿಗೆ ಹಿಡಿದೆ. ಅವನು ತಲೆ ಕೆರೆದುಕೊಂಡು, "ಊಂ ಮಾವ, ಎಲ್ಡ್ ಸತಿ ಏರ್ತದೆ, ಎಲ್ಡ್ ಸತಿ ಇಳೀತದೆ. ದಿನಾ ಮುಕ್ಕಾಲ್ ಗಂಟೆ ಮ್ಯಾಲೆ ತಡ ಆಯ್ತಾ ಓಯ್ತದೆ" ಎಂದ. ಮೊದಲೇ ಬೊಗಳಬಾರದಿತ್ತೇ ಬಡ್ಡೀಮಗ!

ಅವನನ್ನು ಕೂರಿಸಿಕೊಂಡು ಎರಡು ತಾಸು ಪ್ರಶ್ನೆ ಕೇಳಿದೆ. ಹುಣ್ಣಿಮೆ ಅಮಾವಾಸ್ಯೆಗೆ ಕಡಲಿನ ಏರಿಳಿತ ಜೋರಂತೆ, ಅಷ್ಟಮಿಯ ಆಸುಪಾಸು ಮೆತ್ತಗಂತೆ. ಕ್ಯಾಲೆಂಡರು ನೋಡಿದೆ. ಇಪ್ಪತ್ತೆರಡಕ್ಕೆ ಹುಣ್ಣಿಮೆ. ಆದ್ದರಿಂದ ನೀನು ಹೇಳಿದ ಇಪ್ಪತ್ತಮೂರು ಬೇಡವೇ ಬೇಡ. ಇಪ್ಪತ್ತೊಂಬತ್ತನೇ ತಾರೀಕು ಬುಧವಾರ ಅಷ್ಟಮಿ, ಅವತ್ತು ಹೋಗೋಣ. ಗುಮಾಸ್ತರ ಪಟ್ಟಿಯ ಪ್ರಕಾರ ಅವತ್ತು ಬೆಳಗ್ಗೆ ಹನ್ನೊಂದರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ. ಎಂಟಕ್ಕೆ ಕುಡ್ಲೆಯಿಂದ ಹೊರಟರೆ ಹನ್ನೆರಡರೊಳಗೆ ಹಾಫ್ ಮೂನ್ ಮುಟ್ಟಿ ಬುತ್ತಿ ಬಿಚ್ಚಬಹುದು. ಅದರಿಂದಾಚೆ ಪ್ಯಾರಡೈಸ್ ಬೀಚಿಗೆ ಹೋಗುವುದು ಬೇಡ. ಅಲ್ಲಿ ಬಂಡೆಯಿಂದ ಬಂಡೆಗೆ ಹಾರಬೇಕಂತೆ, ಅಲೆ ಹೊಡೆದು ಪಾಚಿ ಕಟ್ಟಿರುತ್ತದಂತೆ. ಮಕ್ಕಳು ಗೋಗರೆದರೂ ಕರಗಬೇಡ. ದಾರಿಯಲ್ಲಿ ಅಂಗಡಿ ಇಲ್ಲ, ಕುಡಿಯುವ ನೀರು ಹೊತ್ತುಕೊಂಡೇ ಹೋಗಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ನಾನು ಗುಡ್ಡ ಹತ್ತಿಸುವುದಿಲ್ಲ. ಕತ್ತಲಾಗುವ ಮುಂಚೆ ಎಲ್ಲರೂ ಊರೊಳಗಿರಬೇಕು. ಬಂಡೆಗಳಿರುವ ಕಡೆ ಯಾರೂ ನೀರಿಗೆ ಇಳಿಯಕೂಡದು. ಮರಳಿನ ಮೇಲೆ ಮಾತ್ರ, ಅದೂ ಪಾದ ನೆನೆಯುವಷ್ಟು. 'ನೀನಿದ್ದೀಯಲ್ಲ ಅಪ್ಪ, ಸೊಂಟದವರೆಗೆ ಇಳಿಸೋಣ' ಎಂದು ಬರೆದಿದ್ದೀಯೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ. ಪಾದ ಅಂದರೆ ಪಾದ.

ಮೊನ್ನೆ ಹಗ್ಗದ ರಿಹರ್ಸಲ್ ಆಯಿತು. ಕಬ್ಬಿನ ಗಾಡಿಗೆ ಕಟ್ಟುವ ದಪ್ಪ ಹಗ್ಗ ತಂದು, ಮೂರು ಮೂರು ಅಡಿಗೆ ಒಂದರಂತೆ ಇಪ್ಪತ್ತೆರಡು ಗಂಟು ಹಾಕಿದ್ದೇನೆ. ಮಗುವಿಗೊಂದು ಗಂಟು. ನಾನು ಎಲ್ಲರ ಸೊಂಟಕ್ಕೂ ಬಿಗಿಯೋಣ ಎಂದಿದ್ದೆ, ಪ್ರೇಮ್‌ಕುಮಾರನೇ ಬೇಡವೆಂದ. "ಕಟ್ಟಬ್ಯಾಡ ಮಾವ, ಇಡ್ಕಳ್ಳಿ ಸಾಕು. ಒಂದ್ ಮಗ ಜಾರುದ್ರೆ ಎಲ್ಲಾನೂ ಎಳ್ಕಂಡೋಯ್ತದೆ." ಸರಿಯಾದ ಮಾತು, ಒಪ್ಪಿದೆ. ಮುಂದಿನ ತುದಿ ನನ್ನ ಕೈಯಲ್ಲಿ, ಹಿಂದಿನ ತುದಿ ನಿನ್ನ ಕೈಯಲ್ಲಿ. ನಮ್ಮ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ ನಾಲೆ ಏರಿಯ ಮೇಲೆ ಸಾಲಾಗಿ ನಡೆಸಿದೆ. ನನ್ನ ಹಳೆಯ ಇಲಾಖೆಯ ಸೀಟಿ ಒಮ್ಮೆ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಕೂರಬೇಕು. ಹುಲ್ಲಹಳ್ಳಿಯ ಸಂತೆಗೆ ಹೊರಟವರೆಲ್ಲ ನಿಂತು ನೋಡಿದರು. "ಏನ್ಲಾ ಉಚ್ಚಯ್ಯ, ಸ್ಕೂಲ್ ತೆಗ್ದ್ಯಾ, ಇಲ್ಲಾ ಪೊಲೀಸ್ ಸೇರುದ್ಯಾ?" ಎಂದು ಒಬ್ಬ ಕೇಳಿದ. ನಿನ್ನವ್ವನಿಗೆ ಒಂದು ಗಂಟು ಕೊಡಹೋದರೆ, "ನಾನೇನ್ ಎಮ್ಮೆನಾ ಅಗ್ಗ ಇಡ್ಸಕ್ಕೆ?" ಎಂದು ಗದರಿದಳು.

ಅರ್ಧ ದಾರಿಯಲ್ಲಿ ನಮ್ಮ ಎಮ್ಮೆ ಎದುರಿಗೆ ಬಂತು. ನನ್ನನ್ನು ಕಂಡ ಖುಷಿಗೆ ನೇರ ಸಾಲಿನ ನಡುವೆ ನುಗ್ಗಿತು. ನಾನು ಸೀಟಿ ಊದಿದ್ದೇ ಊದಿದ್ದು. ಮಕ್ಕಳು ಕೂರುವುದೋ ನಿಲ್ಲುವುದೋ ತಿಳಿಯದೆ ಅರ್ಧ ಜನ ಕೂತರು, ಅರ್ಧ ಜನ ಓಡಿದರು. ಒಬ್ಬಳ ಚಪ್ಪಲಿ ನಾಲೆಗೆ ಬಿತ್ತು. ನಾನು ಪಂಚೆ ಎತ್ತಿಕಟ್ಟಿ ಇಳಿದು ತಂದುಕೊಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದವು. ಆ ಜಾಗದಲ್ಲಿ ಎರಡೂವರೆ ಅಡಿ ನೀರು ಎಂದು ನನಗೆ ಗೊತ್ತು. ಈ ನಾಲೆಯ ಉದ್ದಕ್ಕೂ ಎಲ್ಲಿ ಮೊಣಕಾಲು, ಎಲ್ಲಿ ಸೊಂಟ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆಳ ಗೊತ್ತಿರುವ ನೀರಿನಲ್ಲಿ ನಿನ್ನಪ್ಪನಂಥ ಶೂರ ಇನ್ನೊಬ್ಬನಿಲ್ಲ.

ಹೆಡ್ ಮಾಸ್ಟರರ ನಮೂನೆ ಕಾಗದದ ಜೊತೆಯಲ್ಲೇ ಬಂತು. 'ಈ ಕೆಳಗೆ ರುಜು ಮಾಡಿರುವ ನಾನು ಈಜು ಬಲ್ಲವನಾಗಿದ್ದು, ಪ್ರವಾಸದ ಕಾಲದಲ್ಲಿ ಮಕ್ಕಳ ರಕ್ಷಣೆಯ ಜವಾಬ್ದಾರಿ ಹೊರಲು ಒಪ್ಪಿರುತ್ತೇನೆ.' ಅಕ್ಷರ ದುಂಡಗಿದೆ, ಒಕ್ಕಣೆಯೂ ಚೆನ್ನಾಗಿದೆ. ಮುಂದಿನ ಕಾಗದದಲ್ಲಿ ಕಳಿಸುತ್ತೇನೆ. ನಡುವೆ ನನಗೊಂದು ಯೋಚನೆ. ಇಪ್ಪತ್ತೆರಡು ಮಕ್ಕಳಿಗೆ ನಾನೊಬ್ಬನೇ ಸಾಲುವುದಿಲ್ಲ. ಒಳ್ಳೆಯ ಈಜುಗಾರ ಇನ್ನೊಬ್ಬ ಇರಲಿ. ನನಗೂ ಐವತ್ತೊಂಬತ್ತು ದಾಟಿತು.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನವ್ವ ಹುರಿಹಿಟ್ಟು, ಹುರುಳಿಕಾಳು, ನಿನಗೆ ರಸಬಾಳೆ ಎಂದು ಪಟ್ಟಿ ಮಾಡುತ್ತಿದ್ದಾಳೆ. ರಸಬಾಳೆ ಬಸ್ಸಿನಲ್ಲಿ ಪಾಯಸವಾಗುತ್ತದೆ ಎಂದರೂ ಕೇಳುತ್ತಿಲ್ಲ.

ನಿನ್ನ ಅಪ್ಪ,
ಹುಚ್ಚಯ್ಯ

ತಾ.ಕ.: ನಾಳೆ ತಿ. ನರಸೀಪುರದ ಬಸ್ಸು ಹಿಡಿದು ತಲಕಾಡಿಗೆ ಹೋಗಿಬರುತ್ತೇನೆ. ನಿನ್ನ ಚಿಕ್ಕಮ್ಮನ ಮನೆಗಲ್ಲ. ಬೇರೆ ಕೆಲಸ.

* * *

ಹುಲ್ಲಹಳ್ಳಿ
17-12-1999, ಶುಕ್ರವಾರ

ನನ್ನ ಕಣ್ಣಮಣಿ ಇಂದ್ರಾಣಿಗೆ,

ಎಲ್ಲರೂ ಸೌಖ್ಯ. ಹನ್ನೆರಡು ದಿನ ಸುಮ್ಮನಿದ್ದೆ, ನಮೂನೆ ಇನ್ನೂ ಬಂದಿಲ್ಲವೆಂದು ಹೆಡ್ ಮಾಸ್ಟರು ದಿನಾ ಕೇಳುತ್ತಿದ್ದಾರೆ ಎಂದು ನಿನ್ನ ಕಾರ್ಡು ಬಂತು. ತಪ್ಪು ನನ್ನದೇ. ಇದರ ಜೊತೆ ಲಗತ್ತಿಸಿದ್ದೇನೆ. ಬಿಚ್ಚಿ ನೋಡಿದರೆ ನಿನಗೆ ಆಶ್ಚರ್ಯವಾಗುತ್ತದೆ. ಅದರ ಕೆಳಗೆ ಇರುವುದು ನನ್ನ ರುಜು ಅಲ್ಲ, ಒಂದು ಹೆಬ್ಬೆಟ್ಟು. ಪಕ್ಕದಲ್ಲಿ 'ತಲಕಾಡಿನ ಪುಟ್ಟಸ್ವಾಮಿಯ ಹೆಬ್ಬೆಟ್ಟಿನ ಗುರುತು' ಎಂದು ನಾನು ಬರೆದಿದ್ದೇನೆ. ಬರೆದುಕೊಟ್ಟವನು ಎಂದು ಮಾತ್ರ ನನ್ನ ರುಜು ಇದೆ.

ಈ ಪುಟ್ಟಸ್ವಾಮಿ ಯಾರೆಂದರೆ, ತಲಕಾಡಿನ ಹೊಳೆಯಲ್ಲಿ ನಲವತ್ತು ವರ್ಷದಿಂದ ಹರಿಗೋಲು ಹಾಕುವವನು. ವಯಸ್ಸು ನನಗಿಂತ ಎರಡು ಕಮ್ಮಿ, ಎದೆ ನನ್ನದರ ಎರಡರಷ್ಟು. ಅವನನ್ನು ಹುಡುಕಲು ನಾನು ಪಟ್ಟ ಪಾಡು ಹೇಳುತ್ತೇನೆ ಕೇಳು. ಆ ಮರಳಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಬರುತ್ತದೆ. ಹೊಳೆ ದಂಡೆಗೆ ಹೋದರೆ ಆಚೆ ದಡದಲ್ಲಿದ್ದಾನೆ ಎಂದರು. ಈಚೆಯಿಂದ ಕೂಗಿದೆ, ಟವೆಲ್ಲು ಬೀಸಿದೆ. ಅವನು ಇನ್ಯಾರೋ ಗಿರಾಕಿ ಎಂದುಕೊಂಡು, "ಜನ ತುಂಬ್ಲಿ ತಡೀರಿ!" ಎಂದು ಕೂತೇ ಇದ್ದ. ಒಂದು ಗಂಟೆ ಕಾದೆ. ಹತ್ತು ಜನ ತುಂಬಿದ ಮೇಲೆಯೇ ಬಂದ. ನನ್ನನ್ನು ನೋಡಿ ಐದು ನಿಮಿಷ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ.

ಕಡಲು ನೋಡಲು ಬರುತ್ತೀಯಾ, ಮಕ್ಕಳನ್ನು ಕಾಯಬೇಕು ಎಂದೆ. "ಕಡ್ಲಾ? ನಮ್ ಕಾವೇರಮ್ಮ ಕೊನೀಗೆ ಅಲ್ಲೀಗೇ ತಾನೆ ಓಗಿ ಸೇರದು?" ಎಂದ. ಇದು ಬೇರೆ ಕಡಲು ಕಣಯ್ಯ, ಪಡುವಣದ್ದು ಎಂದೆ. ಒಂದು ಚಣ ಬೇಜಾರು ಮಾಡಿಕೊಂಡ. ಆಮೇಲೆ, "ಯಾವ್ದಾರೇನ್ ಬುಡಣ್ಣ, ನೀರ್ ನೀರೇ. ಬತ್ತೀನಿ" ಎಂದುಬಿಟ್ಟ. ಆದರೆ ಒಂದು ಷರತ್ತು ಹಾಕಿದ್ದಾನೆ. ಹಿಂದಿನ ದಿನವೇ ಹೋಗಿ ಅಲ್ಲಿನ ಬೆಸ್ತರ ಜೊತೆ ಕೂತು ಮಾತಾಡಬೇಕಂತೆ. ಗೊತ್ತಿಲ್ಲದ ನೀರಿನ ಹತ್ತಿರ ಆ ನೀರಿನ ಜನವನ್ನು ಕೇಳದೆ ಅವನು ಕಾಲಿಡುವುದಿಲ್ಲವಂತೆ. ಈ ಮಾತು ಕೇಳಿದ ಮೇಲೆ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಆದ್ದರಿಂದ ನಾವು ಇಪ್ಪತ್ತೇಳಕ್ಕೆ ಮೈಸೂರಿನಲ್ಲಿ ಬಸ್ಸು ಹತ್ತಿ ಇಪ್ಪತ್ತೆಂಟಕ್ಕೇ ಗೋಕರ್ಣದಲ್ಲಿರುತ್ತೇವೆ. ನೀವು ಹುಬ್ಬಳ್ಳಿಯ ಮೇಲೆ ಅವತ್ತು ಸಂಜೆಯೊಳಗೆ ಬನ್ನಿ.

ಮೊನ್ನೆ ಅವನು ನಮ್ಮ ಮನೆಗೂ ಬಂದಿದ್ದ. ನಿನ್ನವ್ವ ನಾಟಿಕೋಳಿ ಸಾರು, ರಾಗಿಮುದ್ದೆ ಮಾಡಿದಳು. ನಾಲ್ಕು ಮುದ್ದೆ ಉಂಡ. ನಿನ್ನವ್ವ ಅವನಿಗೆ ಬಡಿಸಿದ ಹಾಗೆ ನನಗೆ ಮದುವೆಯ ದಿನವೂ ಬಡಿಸಿರಲಿಲ್ಲ. ಊಟವಾದ ಮೇಲೆ ನನ್ನ ಹಗ್ಗ ನೋಡಿ, ಗಂಟುಗಳನ್ನೆಲ್ಲ ಬಿಚ್ಚಿ, ಜಾರದ ಹಾಗೆ ಹೊಸದಾಗಿ ಹಾಕಿಕೊಟ್ಟ. ಮುಂದಿನ ತುದಿ ಇನ್ನು ಅವನ ಕೈಯಲ್ಲಿ.

ನನ್ನ ಲೆಕ್ಕದಲ್ಲಿ ಈಗ ಎಲ್ಲವೂ ಭದ್ರವಾಯಿತು. ಅಷ್ಟಮಿ ಸಿಕ್ಕಿತು, ಇಳಿತದ ಹೊತ್ತು ಸಿಕ್ಕಿತು, ಹಗ್ಗ ಇದೆ, ಸೀಟಿ ಇದೆ, ಈಜುಗಾರ ಇದ್ದಾನೆ. ಎಮ್ಮೆ ಅಲ್ಲಿಗೆ ಬರುವುದಿಲ್ಲ.

ಇಪ್ಪತ್ತೆರಡು ಮಕ್ಕಳೂ ಇಪ್ಪತ್ತೆರಡಾಗಿಯೇ ಮನೆ ಸೇರಲಿ, ಕಡಲು ಅವರ ಕಣ್ಣಿನಲ್ಲಿ ಮಾತ್ರ ತುಂಬಿಕೊಳ್ಳಲಿ ಎಂದು ಹರಸುತ್ತೇನೆ. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಪ್ಪ,
ಹುಚ್ಚಯ್ಯ

ತಾ.ಕ.: ನಾನು ನಮೂನೆಗೆ ಯಾಕೆ ರುಜು ಹಾಕಲಿಲ್ಲ ಎಂದು ನೀನು ಕೇಳುತ್ತೀಯೆ. ಹನ್ನೊಂದು ದಿನ ಅದನ್ನು ಎದುರಿಗಿಟ್ಟುಕೊಂಡು ಕೂತೆ. ಮೂರು ಸಲ ಪೆನ್ನಿನ ಮುಚ್ಚಳ ತೆಗೆದೆ. ಊರಿನವರಿಗೆ ಸಾವಿರಾರು ಅರ್ಜಿ ಬರೆದಿದ್ದೇನೆ, ಸುಳ್ಳಿನ ಕೆಳಗೆ ಎಂದೂ ನನ್ನ ಹೆಸರು ಹಾಕಿಲ್ಲ. ಇದಕ್ಕೂ ಹಾಕಲಾಗಲಿಲ್ಲ. ನನಗೆ ಈಜು ಬರುವುದಿಲ್ಲ ಇಂದ್ರಾಣಿ. ಎಂದೂ ಬರುತ್ತಿರಲಿಲ್ಲ.

ಅವತ್ತು ತಲಕಾಡಿನಲ್ಲಿ ನಿನ್ನನ್ನು ಎತ್ತಿದವನು ನಾನಲ್ಲ. ನಿನ್ನವ್ವ ಮರಳುದಿಬ್ಬದ ಹಿಂದೆ ಸೀರೆ ಬದಲಿಸಲು ಹೋಗಿದ್ದಳು. ನಿನ್ನನ್ನು ನನ್ನ ವಶಕ್ಕೆ ಬಿಟ್ಟು ಹೋಗಿದ್ದಳು. ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಗುಂಡಿಗೆ ಹೋದೆ. ಎರಡು ಕೈ ಮಾತ್ರ ಮೇಲೆ ಕಂಡವು. ನಾನು ಓಡಿದೆ. ಸೊಂಟದವರೆಗೆ ಇಳಿದೆ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಅಷ್ಟುದ್ದ ನಾಲೆಯ ನೀರು ನನ್ನ ಮಾತು ಕೇಳುತ್ತದೆ ಎಂದು ಜಂಬ ಕೊಚ್ಚುತ್ತಿದ್ದವನು, ನನ್ನ ಮಗು ಮುಳುಗುತ್ತಿರುವುದನ್ನು ನೋಡುತ್ತಾ ನಿಂತುಬಿಟ್ಟೆ. ಹರಿಗೋಲಿನಿಂದ ಹಾರಿದವನು ಪುಟ್ಟಸ್ವಾಮಿ. ನೀನು ಭಯಕ್ಕೆ ಕಚ್ಚಿದ್ದು ಅವನ ಕೈಯನ್ನು. ನಿನ್ನನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, ಹೊಟ್ಟೆ ಒತ್ತಿ ನೀರು ಕಕ್ಕಿಸಿ, ನೀನು ಅತ್ತದ್ದು ಕೇಳಿದ ಮೇಲೆ ಹೊರಟುಹೋದ. ಹರಿಗೋಲಿನಲ್ಲಿದ್ದ ಜನ ನಡುನೀರಿನಲ್ಲಿ ಕೂಗಿಕೊಳ್ಳುತ್ತಿದ್ದರು.

ನಿನ್ನವ್ವ ಓಡಿ ಬಂದಾಗ ಕಂಡದ್ದು ನನ್ನ ನೆಂದ ಪಂಚೆ, ತೊಡೆಯ ಮೇಲೆ ನೀನು. ನನ್ನ ಕಾಲು ಹಿಡಿದು ಅತ್ತಳು. ನಾನಲ್ಲ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಮಾರನೆಯ ದಿನ ನೀನೇ ಎಲ್ಲರಿಗೂ 'ನಮ್ಮಪ್ಪ, ನಮ್ಮಪ್ಪ' ಎಂದು ಹೇಳಿಕೊಂಡು ತಿರುಗಿದೆ. ಹದಿನೇಳು ವರ್ಷವಾಯಿತು. ನೀನು ಅದನ್ನು ಹೇಳಿದಾಗಲೆಲ್ಲ ನಾನು ಎದ್ದು ನಾಲೆಯ ಕಡೆ ಹೊರಟುಬಿಡುತ್ತಿದ್ದೆ. ಆದರೂ ಇನ್ನೊಂದು ಸಲ ಹೇಳಲಿ ಎಂದೂ ಆಸೆಯಾಗುತ್ತಿತ್ತು.

ಪುಟ್ಟಸ್ವಾಮಿಯ ಹತ್ತಿರ ಇದೆಲ್ಲ ಹೇಳಿ ತಪ್ಪಾಯಿತು ಎಂದೆ. "ಅದುಕ್ಯಾಕಣ್ಣ ಅಷ್ಟೊಂದು? ಮಗ ಬದುಕ್ತಲ್ಲ" ಎಂದು ಹೇಳಿ, ಹರಿಗೋಲು ಒರೆಸುತ್ತಾ ಕೂತ. 'ಮಗ ಈಗ ಮೇಷ್ಟ್ರಾ?' ಎಂದು ಮಾತ್ರ ಮೂರು ಸಲ ಕೇಳಿದ.

ಈ ತಾಜಾ ಕಲಮನ್ನು ನಿನ್ನವ್ವನಿಗೆ ಓದದೆ ಅಂಟಿಸಬೇಕು ಎಂದಿದ್ದೆ. "ಇನ್ನೂ ಏನೋ ಗೀಚ್ತಾ ಇದ್ದೀರಲ್ಲ, ಅದ್ನೂ ಓದಿ" ಎಂದಳು. ಓದಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು, "ನಂಗೊತ್ತು ಕಣ್ರೀ. ಅವತ್ತು ಸಂಜೆ ನಿಮ್ ಅಂಗಿ ಒಗೆಯಕ್ಕೆ ತಗಂಡಾಗ ಜೇಬ್ನಲ್ಲಿ ಬೀಡಿಕಟ್ಟು, ಬೆಂಕಿಪಟ್ನ ಅಂಗೇ ಇದ್ದೊ. ಒಂದ್ ಕಡ್ಡೀನೂ ನೆಂದಿರ್ನಿಲ್ಲ." ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದೆ. "ನೀವೇ ಏಳ್ಲಿ ಅಂತ ಸುಮ್ಕಿದ್ದೆ. ಈಟ್ ವರ್ಸ ತಗತೀರಿ ಅಂತ ನಂಗೇನ್ ಗೊತ್ತು?" ಎಂದಳು. ಆಮೇಲೆ ಇಬ್ಬರೂ ನಕ್ಕೆವು. ಆಮೇಲೆ ನಾನು ಅತ್ತೆ.

ಹೆಡ್ ಮಾಸ್ಟರಿಗೂ ಇಪ್ಪತ್ತೆರಡು ಮನೆಯವರಿಗೂ ನಿಜ ಹೇಳಿಬಿಡು. ಗೋಕರ್ಣದಲ್ಲಿ ಪುಟ್ಟಸ್ವಾಮಿ ಸಿಕ್ಕಿದಾಗ ಅವನ ಬಲಗೈ ಅಂಗಿಯ ತೋಳು ಮೇಲೆ ಸರಿಸಿ ನೋಡು, ಮಕ್ಕಳಿಗೂ ತೋರಿಸು. ಗುರುತು ಮಾಸಿಲ್ಲ. ನಡುವೆ ಒಂದು ಹಲ್ಲಿನ ಜಾಗ ಖಾಲಿ ಇದೆ. ಆಗ ನಿನ್ನ ಮುಂದಿನ ಹಲ್ಲು ಬಿದ್ದಿತ್ತಲ್ಲ.

ಪುಟ್ಟಸ್ವಾಮಿ ಹೊರಟ ಮೇಲೆ ಹಗ್ಗಕ್ಕೆ ನಾನೇ ಒಂದು ಗಂಟು ಹೆಚ್ಚಿಗೆ ಹಾಕಿದೆ, ಇಪ್ಪತ್ತಮೂರನೆಯದು. ನಿನಗೆ ಮನಸ್ಸಿದ್ದರೆ, ಈಜು ಬಾರದ ಮಕ್ಕಳ ಸಾಲಿನಲ್ಲಿ ಅದನ್ನು ಹಿಡಿದುಕೊಂಡು ನಾನೂ ನಡೆಯುತ್ತೇನೆ. ಬರಬಹುದೇ, ಒಂದು ಕಾರ್ಡು ಬರೆ.